ಮ್ಯಾಚ್ ಇರುವಾಗ ಒಲೆ ಮುಂದೆ ನಿಲ್ಲಬೇಡಿ

ಫುಟ್‌ಬಾಲ್ ನೋಡುವ ದಿನದ ಅಡುಗೆಗೆ ನನ್ನದು ಒಂದೇ ನಿಯಮ. ರೆಫರಿ ಸೀಟಿ ಊದಿದ ಮೇಲೆ ಒಲೆ ಮುಂದೆ ಯಾರೂ ನಿಂತಿರಬಾರದು. 2022ರ ವಿಶ್ವಕಪ್ ಫೈನಲ್ ನೆನಪಿದೆ ಅಲ್ವಾ? ಹತ್ತಿರ ಹತ್ತಿರ 80ನೇ ನಿಮಿಷದವರೆಗೂ ಅರ್ಜೆಂಟೀನಾ 2-0 ಮುಂದಿತ್ತು. ಇನ್ನೇನು ಮುಗೀತು ಅಂತ ಎದ್ದು ಬಾಣಲೆಗೆ ಎಣ್ಣೆ ಇಟ್ಟವರಿಗೆ ಫ್ರಾನ್ಸ್‌ನ ಎಂಬಾಪೆ ಬೆನ್ನುಬೆನ್ನಿಗೆ ಹೊಡೆದ ಎರಡು ಗೋಲು ತಪ್ಪಿರುತ್ತವೆ. ಅವೆರಡರ ನಡುವೆ ಎರಡು ನಿಮಿಷವೂ ಇರಲಿಲ್ಲ! ಅದಕ್ಕೇ ಕರಿದ ತಿಂಡಿ ನನ್ನ ಪಟ್ಟಿಯಲ್ಲೇ ಇಲ್ಲ.

ಆಡುವ ದೇಶದ್ದೇ ತಿಂಡಿ ಮಾಡಿದರೆ ಮಜಾ ಜಾಸ್ತಿ. ಆದರೆ ಅದನ್ನು ಒಂದೇ ಕೈಯಲ್ಲಿ ತಿನ್ನುವಂತಿರಬೇಕು, ಮುಕ್ಕಾಲು ಪಾಲು ಕೆಲಸ ಮೊದಲೇ ಮುಗಿದಿರಬೇಕು. ಈ ಲೆಕ್ಕದಲ್ಲಿ ಸ್ಪೇನ್‌ನ ಪಯೆಯಾ (ಅಗಲ ಬಾಣಲೆಯಲ್ಲಿ ಮಾಡುವ ಅನ್ನ) ಫೇಲು, ತೊರ್ತಿಯಾ ಪಾಸು.

ತೊರ್ತಿಯಾ ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ಅರ್ಧ ಕೆಜಿಗಿಂತ ತುಸು ಜಾಸ್ತಿ ಆಲೂಗಡ್ಡೆ, ಒಂದು ಈರುಳ್ಳಿ, ಆರು ಮೊಟ್ಟೆ. ಆಲೂಗಡ್ಡೆ, ಈರುಳ್ಳಿ ತೆಳ್ಳಗೆ ಹೆಚ್ಚಿ, ಧಾರಾಳ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಕೆಂಪಗಾಗಬಾರದು. ಎಣ್ಣೆ ಬಸಿದು, ಉಪ್ಪು ಹಾಕಿ ಕಲಕಿದ ಮೊಟ್ಟೆಯಲ್ಲಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಬಾಣಲೆಗೆ ಹಾಕಿ, ಅಂಚು ಗಟ್ಟಿಯಾದಾಗ ಮೇಲೆ ತಟ್ಟೆ ಮುಚ್ಚಿ ಒಂದೇ ಏಟಿಗೆ ಮಗುಚಿ, ತಟ್ಟೆಯಿಂದ ಮತ್ತೆ ಬಾಣಲೆಗೆ ಜಾರಿಸಿ ಇನ್ನೊಂದು ಬದಿಯನ್ನೂ ಬೇಯಿಸಿ. ಅಳುಕಬೇಡಿ, ಅಳುಕಿದರೆ ಅರ್ಧ ಒಲೆ ಮೇಲೆ ಬೀಳುತ್ತದೆ. ಈರುಳ್ಳಿ ಹಾಕಬೇಕೋ ಬೇಡವೋ ಅಂತ ಸ್ಪೇನ್‌ನವರೇ ಜಗಳ ಆಡುತ್ತಾರೆ, ನಾನು ಹಾಕುವ ಪಕ್ಷ. ಇದು ಆರಿದ ಮೇಲೂ ಚೆನ್ನಾಗಿರುತ್ತದೆ. ಹಾಗಾಗಿ ಬೆಳಗ್ಗೆಯೇ ಮಾಡಿ, ತುಂಡು ಮಾಡಿ, ಕಡ್ಡಿ ಚುಚ್ಚಿಡಿ.

ಹಾಫ್ ಟೈಮ್‌ಗೆ ಮಾತ್ರ ಬಿಸಿಬಿಸಿ ಏನಾದರೂ ಬೇಕೇ ಬೇಕು. ಅದಕ್ಕೆ ಬ್ರೆಜಿಲ್‌ನ ಚೀಸ್ ಉಂಡೆ, ಪಾವ್ ದೆ ಕೇಜು. 125 ಮಿಲಿ ಹಾಲು, 60 ಮಿಲಿ ಎಣ್ಣೆ, ಒಂದು ಚಮಚ ಉಪ್ಪು ಒಟ್ಟಿಗೆ ಕುದಿಸಿ, 250 ಗ್ರಾಂ ಟ್ಯಾಪಿಯೋಕಾ ಸ್ಟಾರ್ಚ್ (ಮರಗೆಣಸಿನ ಪಿಷ್ಟ) ಮೇಲೆ ಸುರಿದು ಮರದ ಸೌಟಿನಲ್ಲಿ ಕಲಸಿ. ಮೊದಲು ಗಂಟುಗಂಟಾಗಿ ಅಂಟಂಟಾಗಿ ಕಾಣುತ್ತದೆ, ಗಾಬರಿ ಬೇಡ. ಆರಿದ ಮೇಲೆ ಒಂದು ಮೊಟ್ಟೆ, 125 ಗ್ರಾಂ ತುರಿದ ಚೀಸ್ ಸೇರಿಸಿ ನಾದಿದರೆ ಹದಕ್ಕೆ ಬರುತ್ತದೆ. ಚೀಸ್ ಉಪ್ಪುಪ್ಪಾಗಿದ್ದರೆ ಮೊದಲಿನ ಉಪ್ಪನ್ನು ಅರ್ಧಕ್ಕಿಳಿಸಿ. ಕೈಗೆ ಎಣ್ಣೆ ಸವರಿಕೊಂಡು ನಿಂಬೆಹಣ್ಣಿಗಿಂತ ಸಣ್ಣ ಉಂಡೆ ಕಟ್ಟಿ ಫ್ರೀಜರ್‌ನಲ್ಲಿಡಿ. ಇದೆಲ್ಲ ಹಿಂದಿನ ದಿನದ ಕೆಲಸ.

ಮ್ಯಾಚ್ ದಿನ ಹತ್ತನೇ ನಿಮಿಷಕ್ಕೆ ಓವನ್ 200 ಡಿಗ್ರಿಗೆ ಹಚ್ಚಿ. 25ನೇ ನಿಮಿಷಕ್ಕೆ ಉಂಡೆಗಳನ್ನು ಫ್ರೀಜರ್‌ನಿಂದ ಸೀದಾ ಒಳಗೆ ತಳ್ಳಿ. ಸುಮಾರು 25 ನಿಮಿಷ ಬೇಕು. ಇಂಜುರಿ ಟೈಮ್ ಸೇರಿಸಿಕೊಂಡರೆ, ಆಟಗಾರರು ಒಳಗೆ ಹೋಗುವ ಹೊತ್ತಿಗೆ ಉಂಡೆಗಳು ಉಬ್ಬಿ, ಮೇಲೆ ಹೊಂಬಣ್ಣ ಬಂದಿರುತ್ತವೆ. ಕೂಡಲೇ ತಿನ್ನಿ. ಆರಿದರೆ ರಬ್ಬರ್.

ಅರ್ಜೆಂಟೀನಾ ಆಡುತ್ತಿದ್ದರೆ ಚೋರಿಪಾನ್: ಸುಟ್ಟ ಸಾಸೇಜನ್ನು ಉದ್ದಕ್ಕೆ ಸೀಳಿ ಗರಿಗರಿ ಬ್ರೆಡ್ ಒಳಗಿಟ್ಟು ಚಿಮಿಚುರ್ರಿ ಅನ್ನುವ ಸೊಪ್ಪಿನ ಸಾಸ್ ಸುರಿಯುವುದು, ಅಷ್ಟೇ. ಸಾಸೇಜ್ ಮ್ಯಾಚ್‌ಗೆ ಮುಂಚೆ ಸುಟ್ಟುಬಿಡಿ. ರುಚಿ ಇರುವುದು ಚಿಮಿಚುರ್ರಿಯಲ್ಲಿ. ಒಂದು ಕಟ್ಟು ಪಾರ್ಸ್ಲಿ, ನಾಲ್ಕು ಎಸಳು ಬೆಳ್ಳುಳ್ಳಿ ಚಾಕುವಿನಲ್ಲೇ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ಹಸಿರು ಪೇಸ್ಟ್ ಆಗುತ್ತದೆ, ಸುಮ್ನೆ ದಂಡ. ಒಣ ಒರಿಗಾನೋ, ಚಿಲ್ಲಿ ಫ್ಲೇಕ್ಸ್, ಉಪ್ಪು, ಎರಡು ದೊಡ್ಡ ಚಮಚ ರೆಡ್ ವೈನ್ ವಿನಿಗರ್, ಮುಳುಗುವಷ್ಟು ಎಣ್ಣೆ ಹಾಕಿ ಒಂದೆರಡು ಗಂಟೆ ಬಿಡಿ. ಮಾಂಸ ತಿನ್ನದವರಿಗೆ ಇದೇ ಸಾಸ್ ಸುಟ್ಟ ಅಣಬೆ ಮೇಲೆ ಹಾಕಿಕೊಡಿ. ಸಾಸೇಜ್ ತಿನ್ನುವವರೂ ಕೈ ಚಾಚುತ್ತಾರೆ.

ಜರ್ಮನಿಗೆ ಕರಿವುರ್ಸ್ಟ್, ಅಂದರೆ ಸಾಸೇಜ್ ತುಂಡಿನ ಮೇಲೆ ಕರಿ ಪೌಡರ್ ಹಾಕಿದ ಸಾಸ್. 1949ರಲ್ಲಿ ಬರ್ಲಿನ್‌ನಲ್ಲಿ ಹೆರ್ಟಾ ಹೊಯ್ವರ್ ಎಂಬಾಕೆ ಮಾರಲು ಶುರು ಮಾಡಿದ್ದು. ಮನೆಯಲ್ಲಿ ಈರುಳ್ಳಿ ಬಾಡಿಸಿ, ಕೆಚಪ್, ಕರಿ ಪೌಡರ್, ಚೂರು ವಿನಿಗರ್ ಹಾಕಿ ಕುದಿಸಿದರೆ ಸಾಸ್ ಸಿದ್ಧ. ಇದನ್ನು ನಾನು ನಾಕೌಟ್ ಪಂದ್ಯಗಳಿಗೆ ಇಟ್ಟುಕೊಳ್ಳುತ್ತೇನೆ. ಸಮ ಆಗಿ ಎಕ್ಸ್‌ಟ್ರಾ ಟೈಮ್‌ಗೆ ಹೋದರೆ ಇನ್ನೂ 30 ನಿಮಿಷ, ಅಷ್ಟರಲ್ಲಿ ಎಲ್ಲರಿಗೂ ಮತ್ತೆ ಹಸಿವು. ಸಾಸ್ ಪಾತ್ರೆ, ಸಾಸೇಜ್ ತುಂಡು ಎರಡನ್ನೂ ಬಿಸಿ ಮಾಡಲು ಐದು ನಿಮಿಷ ಸಾಕು. ಪೆನಾಲ್ಟಿಗೆ ಹೋದರೆ ಮಾತ್ರ ಯಾರೂ ತಟ್ಟೆ ಮುಟ್ಟುವುದಿಲ್ಲ, ಆಗ ಬಡಿಸಲು ಹೋಗಬೇಡಿ.