ಕ್ಯಾಲಿಫೋರ್ನಿಯಾದ ಲೋನ್ ಆಫೀಸರ್ ಲೈಸೆನ್ಸ್: ಪರೀಕ್ಷೆಗಿಂತ ಅರ್ಜಿಗೆ ಹೆಚ್ಚು ಸಮಯ ಕೊಡಿ

ಅಮೆರಿಕದಲ್ಲಿ ಮನೆಸಾಲದ ಅರ್ಜಿ ತೆಗೆದುಕೊಳ್ಳುವ, ಸಾಲದ ಷರತ್ತುಗಳ ಬಗ್ಗೆ ಗ್ರಾಹಕರ ಜೊತೆ ಮಾತಾಡಿ ಅದಕ್ಕೆ ಹಣ ಪಡೆಯುವ ಪ್ರತಿಯೊಬ್ಬ ಲೋನ್ ಆಫೀಸರ್ ಕೂಡ ತಮ್ಮ ಸ್ವಂತ ಹೆಸರಿನಲ್ಲಿ ಎನ್‌ಎಂಎಲ್‌ಎಸ್ ಎಂಬ ದೇಶವ್ಯಾಪಿ ಲೈಸೆನ್ಸ್-ನೋಂದಣಿ ವ್ಯವಸ್ಥೆಯೊಳಗೆ ಇರಬೇಕು. 2008ರ ಸೇಫ್ ಕಾಯ್ದೆ ಇದನ್ನು ಕಡ್ಡಾಯ ಮಾಡಿತು. ಬ್ಯಾಂಕ್ ಅಥವಾ ಕ್ರೆಡಿಟ್ ಯೂನಿಯನ್ ನೌಕರರಿಗೆ ನೋಂದಣಿ ಮತ್ತು ಬೆರಳಚ್ಚು ಸಾಕು. ಕೋರ್ಸ್ ಇಲ್ಲ, ಪರೀಕ್ಷೆ ಇಲ್ಲ. ಬ್ರೋಕರ್ ಕಂಪನಿಗೋ ಬ್ಯಾಂಕಲ್ಲದ ಲೆಂಡರ್‌ಗೋ ಸೇರುವುದಾದರೆ ಪೂರ್ತಿ ಲೈಸೆನ್ಸ್ ಬೇಕು. ನಾನು ಹಿಡಿದದ್ದು ಈ ಎರಡನೆಯ ದಾರಿ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕವಲಿದೆ. ರಾಜ್ಯದ ಹಣಕಾಸು ನಿಯಂತ್ರಣ ಇಲಾಖೆ ಡಿಎಫ್‌ಪಿಐ ಕೊಡುವ ಲೈಸೆನ್ಸ್ ಒಂದು. ರಿಯಲ್ ಎಸ್ಟೇಟ್ ಲೈಸೆನ್ಸ್ ಇದ್ದವರು ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯಾದ ಡಿಆರ್‌ಇಯಿಂದ ಪಡೆಯುವ, ಮನೆಸಾಲದ ಕೆಲಸಕ್ಕೆ ಅನುಮತಿ ಕೊಡುವ ಎಂಡಾರ್ಸ್‌ಮೆಂಟ್ ಇನ್ನೊಂದು. ಸೇರಲಿರುವ ಕಂಪನಿ ಯಾವ ಇಲಾಖೆಯ ಕೆಳಗಿದೆ ಎಂದು ಮೊದಲೇ ಕೇಳಿ. ತಪ್ಪಾದ ಕಡೆ ಅರ್ಜಿ ಹಾಕಿದರೆ ಕಟ್ಟಿದ ಶುಲ್ಕ ಹೋದಂತೆಯೇ. ಎಚ್‌-1ಬಿ ಮೇಲಿರುವವರು ಸಾಫ್ಟ್‌ವೇರ್ ಕೆಲಸದ ಜೊತೆಗೆ ಇದನ್ನು ಸೈಡ್‌ನಲ್ಲಿ ಮಾಡಲು ಬರುವುದಿಲ್ಲ, ಆ ವೀಸಾದ ಅನುಮತಿ ಅರ್ಜಿ ಹಾಕಿದ ಉದ್ಯೋಗದಾತರ ಕೆಲಸಕ್ಕೆ ಮಾತ್ರ.

ಎನ್‌ಎಂಎಲ್‌ಎಸ್ ಖಾತೆ ತೆರೆಯುವ ಮುನ್ನ ಹೆಸರು ಸರಿಪಡಿಸಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್, ಊರ ಹೆಸರು, ತಂದೆಯ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಜಾಗದಲ್ಲಿರುತ್ತವೆ. ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಗುರುತಿನ ಚೀಟಿ ಖಾತೆಯ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಮತ್ತು ಡ್ರೈವಿಂಗ್ ಲೈಸೆನ್ಸ್ ಎರಡರಲ್ಲೂ ಒಂದೇ ಹೆಸರು ಮಾಡಿಸಿಕೊಂಡು, ಅದನ್ನೇ ಖಾತೆಯಲ್ಲಿ ಬರೆಯುವುದು ಕ್ಷೇಮ.

ಕೋರ್ಸ್ 20 ಗಂಟೆ: ಫೆಡರಲ್ ಕಾನೂನು 3, ನೀತಿ ಮತ್ತು ವಂಚನೆ 3, ಸಾಂಪ್ರದಾಯಿಕವಲ್ಲದ ಸಾಲಗಳು 2, ಉಳಿದ 12 ಐಚ್ಛಿಕ. ಡಿಎಫ್‌ಪಿಐಗಾದರೆ ಈ 20ರೊಳಗೇ 2 ಗಂಟೆ ಕ್ಯಾಲಿಫೋರ್ನಿಯಾ ಕಾನೂನು ಇರಬೇಕು. ಅದಿಲ್ಲದ ಪ್ಯಾಕೇಜ್ ಕೊಂಡರೆ ಮತ್ತೆ ದುಡ್ಡು ಕೊಟ್ಟು ಓದಬೇಕಾಗುತ್ತದೆ.

ಪರೀಕ್ಷೆಯಲ್ಲಿ 120 ಪ್ರಶ್ನೆ, 190 ನಿಮಿಷ. ಅಂಕಕ್ಕೆ ಸೇರುವುದು 115. ಉಳಿದ 5 ಯಾವುವೆಂದು ಗೊತ್ತಾಗುವುದಿಲ್ಲ. ಪಾಸಾಗಲು ಶೇ. 75 ಬೇಕು. ಫೇಲಾದರೆ 30 ದಿನ ಕಾಯಬೇಕು, ಸತತ ಮೂರನೇ ಸಲವೂ ಆದರೆ 180 ದಿನ. ಕೋರ್ಸ್ ಮುಗಿಸಿದವರೂ ಎಡವುವುದು ದಿನ ಎಣಿಸುವ ಪ್ರಶ್ನೆಗಳಲ್ಲಿ. ‘ವ್ಯವಹಾರದ ದಿನ’ಕ್ಕೆ ಎರಡು ಲೆಕ್ಕಗಳಿವೆ. ಅರ್ಜಿ ಬಂದು 3 ದಿನದೊಳಗೆ ಲೋನ್ ಎಸ್ಟಿಮೇಟ್ (ಸಾಲದ ಷರತ್ತು-ಖರ್ಚುಗಳ ಅಂದಾಜು ಪತ್ರ) ಕಳಿಸಬೇಕು. ಇಲ್ಲಿ ಕಚೇರಿ ತೆರೆದಿರುವ ದಿನಗಳಷ್ಟೇ ಲೆಕ್ಕ. ಶನಿವಾರ ರಜೆಯಿರುವ ಕಚೇರಿಗೆ ಗುರುವಾರ ಅರ್ಜಿ ಬಂದರೆ ಶುಕ್ರ, ಸೋಮ, ಮಂಗಳ. ಮಂಗಳವಾರ ಕೊನೆಯ ದಿನ. ಕ್ಲೋಸಿಂಗ್ ಡಿಸ್‌ಕ್ಲೋಷರ್ (ಷರತ್ತು-ಖರ್ಚುಗಳ ಅಂತಿಮ ಪತ್ರ) ಸಹಿಗೆ 3 ದಿನ ಮುಂಚೆ ಗ್ರಾಹಕರ ಕೈಸೇರಬೇಕು; ಇಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆ ಬಿಟ್ಟು ಶನಿವಾರವೂ ದಿನವೇ. ಹಾಗಾಗಿ ಗುರುವಾರ ಕೈಸೇರಿದರೆ ಸೋಮವಾರ ಸಹಿ ಮಾಡಬಹುದು. ರೀಫೈನಾನ್ಸ್ (ಹಳೆ ಸಾಲ ತೀರಿಸಲು ತೆಗೆಯುವ ಹೊಸ ಸಾಲ) ರದ್ದು ಮಾಡುವ 3 ದಿನಗಳ ಹಕ್ಕಿಗೂ ಇದೇ ಎರಡನೇ ಲೆಕ್ಕ: ಶುಕ್ರವಾರ ಸಹಿಯಾದರೆ ಮಂಗಳವಾರ ಮಧ್ಯರಾತ್ರಿಯವರೆಗೆ ಗ್ರಾಹಕರು ಹಿಂದೆ ಸರಿಯಬಹುದು, ಬುಧವಾರಕ್ಕೆ ಮುಂಚೆ ಹಣ ಬಿಡುಗಡೆ ಇಲ್ಲ. ಇದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೈಯಿಂದ ಮಾಡಿ ನೋಡಬೇಕು, ಬಾಯಿಪಾಠಕ್ಕೆ ನಿಲ್ಲುವುದಿಲ್ಲ.

ಜನ ಹಗುರವಾಗಿ ತೆಗೆದುಕೊಳ್ಳುವುದು ಎಂಯು4, ಅಂದರೆ ವ್ಯಕ್ತಿಯ ಲೈಸೆನ್ಸಿಗಾಗಿ ಎನ್‌ಎಂಎಲ್‌ಎಸ್ ಖಾತೆಯಲ್ಲಿ ತುಂಬಿಸುವ ಅರ್ಜಿಯನ್ನು. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳೇ ಅದು. 10 ವರ್ಷದ ವಾಸದ ವಿಳಾಸ, 10 ವರ್ಷದ ಉದ್ಯೋಗ, ತಿಂಗಳು-ವರ್ಷ ಸಮೇತ, ನಡುವೆ ಖಾಲಿ ಬಿಡದೆ. ಬೆಂಗಳೂರಿನ ಪಿಜಿ, ಹಳೇ ಕಂಪನಿ, ಓದು, ಕೆಲಸವಿಲ್ಲದ ತಿಂಗಳು, ಎಲ್ಲವೂ ಬರಬೇಕು. ಹಳೆಯ ರಿಲೀವಿಂಗ್ ಲೆಟರ್‌ಗಳನ್ನೂ ಬಾಡಿಗೆ ಕರಾರುಗಳನ್ನೂ ಮೊದಲೇ ತೆಗೆದಿಟ್ಟುಕೊಂಡು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳಿ, ಆಮೇಲೆ ತುಂಬಿಸಿ.

ಮುಂದೆ ಹೌದು-ಇಲ್ಲ ಪ್ರಶ್ನೆಗಳು: ದಿವಾಳಿ, ಕಟ್ಟದೆ ಉಳಿದ ಕೋರ್ಟ್ ತೀರ್ಪಿನ ಹಣ, ತೆರಿಗೆ ಲಿಯನ್ (ತೆರಿಗೆ ಬಾಕಿಗೆ ಆಸ್ತಿಯ ಮೇಲೆ ಸರ್ಕಾರದ ಹಕ್ಕು), ಕ್ರಿಮಿನಲ್ ಪ್ರಕರಣ. ಫೆಲನಿಯ (ಗಂಭೀರ ಅಪರಾಧದ) ಪ್ರಶ್ನೆ ಶಿಕ್ಷೆಯನ್ನಷ್ಟೇ ಕೇಳುವುದಿಲ್ಲ, ಆರೋಪವನ್ನೂ ಕೇಳುತ್ತದೆ. ‘ಹಳೆಯ ಕೇಸ್ ತಾನೇ’ ಎಂದು ‘ಇಲ್ಲ’ ಒತ್ತಿದರೆ ಎಫ್‌ಬಿಐ ಬೆರಳಚ್ಚು ವರದಿ ಬೇರೆ ಹೇಳಬಹುದು. ಆಗ ಹಳೆಯ ಪ್ರಕರಣಕ್ಕಿಂತ ಈಗಿನ ಸುಳ್ಳು ದೊಡ್ಡದಾಗುತ್ತದೆ. ಯಾವುದೇ ಫೆಲನಿ ಶಿಕ್ಷೆಗೆ 7 ವರ್ಷ ತಡೆ. ವಂಚನೆ, ಅಪ್ರಾಮಾಣಿಕತೆ, ವಿಶ್ವಾಸದ್ರೋಹ, ಹಣ ಅಕ್ರಮ ವರ್ಗಾವಣೆಯದಾದರೆ ಎಂದಿಗೂ ಲೈಸೆನ್ಸ್ ಇಲ್ಲ. ಕ್ರೆಡಿಟ್ ವರದಿಗೆ ಸೇಫ್ ಕಾಯ್ದೆಯಲ್ಲಿ ಕನಿಷ್ಠ ಸ್ಕೋರ್ ಇಲ್ಲ, ನೋಡುವುದು ಹಣಕಾಸಿನ ಹೊಣೆಗಾರಿಕೆ. ಕಲೆಕ್ಷನ್‌ಗೆ (ಬಾಕಿ ವಸೂಲಿಗೆ) ಹೋದ ಆಸ್ಪತ್ರೆ ಬಿಲ್ ಇದ್ದರೆ ಕಾರಣ, ಕಂತಿನ ಒಪ್ಪಂದ, ಕಟ್ಟಿದ ರಸೀದಿ ಸೇರಿಸಿ ವಿವರಣೆ ಸಿದ್ಧವಿಡಿ. ಕೊನೆಯ ದೃಢೀಕರಣ ನೀವೇ ಮಾಡಬೇಕು. ಕಂಪನಿಯವರು ತುಂಬಿಸಿಕೊಟ್ಟಿದ್ದರೂ ಪ್ರತಿ ಸಾಲು ಓದದೆ ಒತ್ತಬೇಡಿ.

ಅರ್ಜಿ ಒಪ್ಪಿತವಾದ ಮಾತ್ರಕ್ಕೆ ಕೆಲಸ ಶುರು ಮಾಡುವಂತಿಲ್ಲ. ನೀವು ಖಾತೆಯಲ್ಲಿ ಕಂಪನಿಗೆ ಆಕ್ಸೆಸ್ ಕೊಟ್ಟು, ಅವರು ಸ್ಪಾನ್ಸರ್‌ಶಿಪ್ (ನೀವು ತಮ್ಮ ಕೆಳಗೆ ಕೆಲಸ ಮಾಡುವಿರೆಂಬ ಕೋರಿಕೆ) ಕಳಿಸಿ, ಅದು ಮಂಜೂರಾಗಬೇಕು. ಅಲ್ಲಿಯವರೆಗೆ ಲೈಸೆನ್ಸ್ ನಿಷ್ಕ್ರಿಯ. ಕಂಪನಿ ಬದಲಿಸುವಾಗಲೂ ಇದೇ: ಹಳೆಯವರು ಸ್ಪಾನ್ಸರ್‌ಶಿಪ್ ತೆಗೆದ ಗಳಿಗೆಯಿಂದ ಹೊಸದು ಮಂಜೂರಾಗುವವರೆಗೆ ಯಾರ ಅರ್ಜಿಯನ್ನೂ ಮುಟ್ಟುವಂತಿಲ್ಲ. ಬೇರೆ ರಾಜ್ಯದ ಲೈಸೆನ್ಸ್ ಇದ್ದವರಿಗೆ, ಬ್ಯಾಂಕಿನಲ್ಲಿ 1 ವರ್ಷ ನೋಂದಾಯಿತರಾಗಿದ್ದವರಿಗೆ 2019ರ ನವೆಂಬರ್‌ನಿಂದ ಅರ್ಜಿ ಬಾಕಿಯಿರುವಾಗಲೇ ಕೆಲಸ ಮಾಡುವ ತಾತ್ಕಾಲಿಕ ಅಧಿಕಾರದ ಸೌಲಭ್ಯವಿದೆ, ಗರಿಷ್ಠ 120 ದಿನ. ಅದಕ್ಕೂ ಸ್ಪಾನ್ಸರ್ ಬೇಕು.

ನವೀಕರಣ ನವೆಂಬರ್ 1ರಿಂದ ಡಿಸೆಂಬರ್ 31. ನವೀಕರಣದ ಅರ್ಜಿ ಹಾಕುವ ಮುಂಚೆ 8 ಗಂಟೆಯ ಕೋರ್ಸ್ ಮುಗಿದಿರಬೇಕು, ಅದರಲ್ಲಿ 1 ಗಂಟೆ ಕ್ಯಾಲಿಫೋರ್ನಿಯಾದ್ದು. ಹಿಂದಿನ ವರ್ಷ ಮಾಡಿದ ಕೋರ್ಸನ್ನೇ ಈ ವರ್ಷ ಮತ್ತೆ ಮಾಡಿದರೆ ಲೆಕ್ಕಕ್ಕಿಲ್ಲ. ಕೋರ್ಸ್ ಕೊಟ್ಟವರು ಗಂಟೆಗಳನ್ನು ವ್ಯವಸ್ಥೆಗೆ ಏರಿಸಲು ಕೆಲವು ದಿನ ಹಿಡಿಯುತ್ತದೆ, ಆದ್ದರಿಂದ ಅಕ್ಟೋಬರ್‌ನಲ್ಲೇ ಮುಗಿಸಿ.