ಚಪ್ಪಲಿ ಕೊಡವಿ ಹಾಕಿಕೊಳ್ಳಿ

ಮಗ ಮಧುಗಿರಿ ಹೊರಗೆ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿ ಮೂರು ವರ್ಷವಾಯಿತು. ಮೊದಲು ಅದು ಕಡಲೆಕಾಯಿ ಹೊಲ. ಹಿಂದೆ ಬಂಡೆಗುಡ್ಡ, ಪಕ್ಕದಲ್ಲೊಂದು ಹಳೆಯ ಹುತ್ತ, ಸುತ್ತ ಜಾಲಿ. ಗೃಹಪ್ರವೇಶವಾಗಿ ಇನ್ನೂ ವಾರ ಆಗಿರಲಿಲ್ಲ, ಸೊಸೆ ಬಚ್ಚಲುಮನೆಯಿಂದ ಕೂಗಿಕೊಂಡಳು. ನೀರು ಹೋಗುವ ಜಾಲರಿ ಮೇಲೆ ಕೆಂಪು ಚೇಳು, ಬಾಲ ಎತ್ತಿಕೊಂಡು ನಿಂತಿತ್ತು.

"ಅತ್ತೆ, ಟೌನಲ್ಲೂ ಇವೆಲ್ಲ ಬರುತ್ತಾ?" ಅಂದಳು. ಬೆಂಗಳೂರಲ್ಲಿ ಬೆಳೆದವಳು.

"ಅದರ ಮನೆ ಮೇಲೆ ನಾವು ಮನೆ ಕಟ್ಟಿದ್ದೀವಮ್ಮ, ಅದಾದರೂ ಎಲ್ಲಿಗೆ ಹೋಗಬೇಕು?" ಅಂದೆ.

ನಮ್ಮ ಮಧುಗಿರಿ, ಪಾವಗಡ, ಶಿರಾ ಕಡೆ ಮರಳುಗಾಡಲ್ಲ ನಿಜ, ಆದರೆ ಒಣ ಸೀಮೆ. ಮೈದನಹಳ್ಳಿ ಬಯಲಲ್ಲಿ ಕೃಷ್ಣಮೃಗ ಓಡಾಡುವ ಊರು ಇದು. ಕಲ್ಲು, ಬಿಸಿಲು, ಕುರುಚಲು ಗಿಡ ಎಲ್ಲಿವೆಯೋ ಅಲ್ಲಿ ಚೇಳು, ಮಂಡಲದ ಹಾವು, ಉಡ, ಕರಡಿ ಇದ್ದೇ ಇರುತ್ತವೆ. ಹೊಸದಾಗಿ ಮನೆ ಮಾಡಿಕೊಂಡು ಬಂದವರು ಹೆದರಿ ಕೂರುವುದು ಬೇಡ. ನಾಲ್ಕು ಅಭ್ಯಾಸ ಮಾಡಿಕೊಂಡರೆ ಸಾಕು.

ಎಲ್ಲಕ್ಕಿಂತ ಮೊದಲು, ಕಣ್ಣು ಹೋಗದ ಕಡೆಗೆ ಕೈಯಾಗಲಿ ಕಾಲಾಗಲಿ ಹಾಕಬೇಡಿ. ನಾನು ಇದನ್ನು ಕಲಿತದ್ದು ಮದುವೆಯಾದ ಹೊಸದರಲ್ಲಿ, ಕತ್ತಲಲ್ಲಿ ಸೌದೆ ಒಟ್ಟಿಗೆ ಕೈ ತೂರಿಸಿ. ಕುಟುಕಿದ್ದು ದಪ್ಪ ಕರಿ ಚೇಳು. ಒಂದಿಡೀ ರಾತ್ರಿ ಮೊಣಕೈವರೆಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ನೋವು, ಬೆಳಗ್ಗೆ ಇಳಿಯಿತು. ನೋಡಲು ಭಯಂಕರವಾಗಿರುವುದು ಅದೇ, ಆದರೆ ನಿಜಕ್ಕೂ ಕೆಟ್ಟದ್ದು ಸಣ್ಣ ಕೆಂಪು ಚೇಳು. ಅದು ಮಕ್ಕಳಿಗೆ ಕುಟುಕಿದರೆ ಮೈಯೆಲ್ಲ ಬೆವರುತ್ತದೆ, ವಾಂತಿಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ವಿಷ ಹೃದಯಕ್ಕೆ ತಟ್ಟಿದ ಲಕ್ಷಣ ಅದು. ಆಗ ಈರುಳ್ಳಿ ಉಜ್ಜುತ್ತಾ, ಸುಣ್ಣ ಹಚ್ಚುತ್ತಾ ಕೂರಬಾರದು, ಆಸ್ಪತ್ರೆಗೆ ಓಡಬೇಕು. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಬಿಪಿಗೆ ಕೊಡುವ ಪ್ರಜೋಸಿನ್ ಮಾತ್ರೆಯಿಂದಲೇ ಇದಕ್ಕೆ ದಾರಿ ತೋರಿಸಿದರು. ಹಾಗಂತ ಮನೆಯಲ್ಲಿ ನೀವೇ ಕೊಡಬೇಡಿ. ಎಷ್ಟು, ಯಾವಾಗ ಅನ್ನುವುದು ಡಾಕ್ಟರ ಕೆಲಸ.

ಚೇಳು ಬಚ್ಚಲಿಗೆ ಬರುವುದು ತೇವಕ್ಕೆ, ಜಿರಳೆಗೆ. ಜಾಲರಿಯ ಕೆಳಗೆ ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ತಂತಿಬಲೆ ಹಾಕಿಸಿ. ಶೂ, ಚಪ್ಪಲಿ, ಹೊರಗೆ ಒಣಹಾಕಿದ ಬಟ್ಟೆ, ಮೂಲೆಯಲ್ಲಿ ಒದ್ದೆಯಾಗಿ ಬಿದ್ದ ಒರೆಸುವ ಬಟ್ಟೆ, ಎಲ್ಲವನ್ನೂ ಕೊಡವಿ ಮುಟ್ಟಿ. ಮೊಮ್ಮಗ ಕಳ್ಳನೋಟು ನೋಡುವ ನೇರಳೆ ಬೆಳಕಿನ ಟಾರ್ಚ್ ಒಂದು ತರಿಸಿದ್ದಾನೆ. ಮೊದಲ ಮಳೆ ಬಿದ್ದ ರಾತ್ರಿ ಕಾಂಪೌಂಡ್ ಗೋಡೆಗೆ ಅದನ್ನು ಬಿಟ್ಟ. ಕಲ್ಲುಸಂದಿಯಲ್ಲಿ ಒಂದು, ಎರಡು, ಐದು ಚೇಳು, ಒಂದೊಂದೂ ತಿಳಿಹಸಿರಾಗಿ ಹೊಳೆಯಿತು. ದೀಪಾವಳಿ ಅನ್ನಬೇಕು! ಅಷ್ಟು ವರ್ಷ ಆ ಗೋಡೆಗೆ ಒರಗಿ ಸೊಪ್ಪು ಬಿಡಿಸುತ್ತಿದ್ದೆ ಅಂತ ನೆನೆದು ನನಗೇ ಮೈ ಜುಂ ಅಂತು.

ಇನ್ನು ಹಾವು. ಮನೆಗೆ ಮೊದಲು ಬರುವುದು ಇಲಿ. ಇಲಿಯ ಹಿಂದೆ ಹಾವು. ರಾಗಿ ಮೂಟೆ, ಕಡಲೆಕಾಯಿ ಮೂಟೆ ನೆಲದಲ್ಲಿ ಇಡಬೇಡಿ. ಕೋಳಿಗೆ ಹಾಕಿದ ನುಚ್ಚು ರಾತ್ರಿ ಅಂಗಳದಲ್ಲಿ ಉಳಿಯಬಾರದು. ಮನೆ ಕಟ್ಟಿ ಉಳಿದ ಇಟ್ಟಿಗೆ, ಹೆಂಚು, ಜಲ್ಲಿಯನ್ನು "ಮುಂದೆ ಬೇಕಾಗುತ್ತೆ" ಅಂತ ಗೋಡೆಗೆ ಒತ್ತಿ ಪೇರಿಸುತ್ತಾರೆ. ಅದು ಹಾವಿಗೆ ಕಟ್ಟಿಸಿಕೊಟ್ಟ ಮನೆ. ಸೌದೆಯನ್ನೂ ಗೋಡೆಯಿಂದ ದೂರ ಒಟ್ಟಿ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇದ್ದರೆ ರಬ್ಬರ್ ಪಟ್ಟಿ ಹೊಡೆಸಿ. ಬೆಳ್ಳುಳ್ಳಿ, ಫಿನಾಯಿಲ್, ಆಸಿಡ್ ಸುರಿದು ಹಾವು ಓಡಿಸುತ್ತೀವಿ ಅನ್ನುವವರ ಮಾತು ಕೇಳಬೇಡಿ. ದುಡ್ಡು ದಂಡ, ಮಕ್ಕಳ ಕೈಗೆ ಆಸಿಡ್ ಸಿಕ್ಕಿದರೆ ಅದೇ ಇನ್ನೊಂದು ಅನಾಹುತ.

ಕಟ್ಟುಹಾವು ರಾತ್ರಿ ಓಡಾಡುವುದು. ಸೆಖೆ ಅಂತ ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚಿಬಿಡುತ್ತದೆ. ನೋವೂ ಇರುವುದಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಜೋತು ಬಿದ್ದು, ಮಾತು ತೊದಲಿದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಬೇಡಿ. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳಿ.

ಮಂಡಲ ಹೊಲದಲ್ಲಿ ಜಾಸ್ತಿ. ಕಡಲೆಕಾಯಿ ಕೀಳುವಾಗ ಬಳ್ಳಿಯ ಕೆಳಗೆ ಕುಕ್ಕರ್ ಉಸಿರು ಬಿಟ್ಟ ಹಾಗೆ ಬುಸ್ ಅಂದರೆ ಅಲ್ಲೇ ನಿಂತು, ಹಿಂದೆ ಸರಿಯಿರಿ. ಬಂಡೆ ಮೇಲಿನ ಗರಗಸ ಮಂಡಲ ಗೇಣುದ್ದ, ಮೊಳದುದ್ದ ಇರುತ್ತದೆ. ಮೈಯ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡುತ್ತದೆ. ಮರಿ ಹಾವು ಅಂತ ಕಡ್ಡಿಯಲ್ಲಿ ಎತ್ತಲು ಹೋಗಿ ಕಚ್ಚಿಸಿಕೊಂಡವರಿದ್ದಾರೆ.

ನಮ್ಮ ಹಳ್ಳಿಯಲ್ಲೊಬ್ಬರಿಗೆ ಮಂಡಲ ಪಾದಕ್ಕೆ ಕಚ್ಚಿತು. ಮೊಣಕಾಲಿಗೆ ಹಗ್ಗ ಬಿಗಿದು, ಮಂತ್ರ ಹಾಕುವವರ ಮನೆಗೆ ಕರೆದೊಯ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಅಲ್ಲಿ ಸ್ವಲ್ಪ ರಕ್ತ ತೆಗೆದು, ಒಂದು ಗಾಜಿನ ನಳಿಗೆಯಲ್ಲಿ ಅಲುಗಾಡಿಸದೆ ಇಟ್ಟರು. 20 ನಿಮಿಷ ಬಿಟ್ಟು ನರ್ಸ್ ನಳಿಗೆ ಬಾಗಿಸಿದರು. ಒಳ್ಳೆ ರಕ್ತವಾದರೆ ಅಷ್ಟೊತ್ತಿಗೆ ಹೆಪ್ಪುಗಟ್ಟಿರಬೇಕು. ಅದು ನೀರಿನ ಹಾಗೆ ಹರಿಯಿತು. ಮನುಷ್ಯ ಉಳಿದರು, ಆದರೆ ಹಗ್ಗ ಬಿಗಿದ ಕಾಲು ಈಗಲೂ ಎಳೆದುಕೊಂಡೇ ನಡೆಯುತ್ತಾರೆ.

ಅದಕ್ಕೇ ಹೇಳುವುದು, ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ಮೊದಲು ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಮೂಳೆ ಮುರಿದವರ ಕಾಲಿಗೆ ದಬ್ಬೆ ಕಟ್ಟುವ ಹಾಗೆ ಕಟ್ಟಿ, ನಡೆಸದೆ, 108ಕ್ಕೆ ಫೋನ್ ಮಾಡಿ. ಹಾವನ್ನು ಹೊಡೆದು ಚೀಲದಲ್ಲಿ ತರುವುದು ಬೇಡವೇ ಬೇಡ. ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ, ನಾಲ್ಕಕ್ಕೂ ಒಂದೇ ಔಷಧಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆಗಿದೆ. ಕೇರೆ ಹಾವು ಕಂಡರೆ ಮಾತ್ರ ಸುಮ್ನೆ ಬಿಟ್ಟುಬಿಡಿ. ಸಂಬಳವಿಲ್ಲದೆ ಇಲಿ ಹಿಡಿಯುವ ಆಳು ಅದು.

ಕರಡಿ ವಿಷಯ ಜಾಸ್ತಿ ಹೇಳುವುದಿಲ್ಲ. ಸೀತಾಫಲ ಹಣ್ಣಾಗುವ ಕಾಲಕ್ಕೆ ಗುಡ್ಡದಿಂದ ಇಳಿಯುತ್ತದೆ, ಕೆಲವು ಕಡೆ ಗುಡಿಗೆ ನುಗ್ಗಿ ದೀಪದ ಎಣ್ಣೆಯನ್ನೂ ನೆಕ್ಕುತ್ತದೆ. ಬೆಳಕು ಹರಿಯುವ ಮುಂಚೆ ಗುಡ್ಡದ ಕಡೆ ವಾಕಿಂಗ್ ಬೇಡ. ಹೋಗಲೇಬೇಕಾದರೆ ಜೋರಾಗಿ ಮಾತಾಡಿಕೊಂಡು ಹೋಗಿ. ಅದಕ್ಕೆ ಕಣ್ಣು ಮಂದ, ಎದುರಿಗೆ ತಟ್ಟನೆ ಸಿಕ್ಕಿದರೆ ಗಾಬರಿಯಲ್ಲಿ ಮೇಲೆ ಬೀಳುತ್ತದೆ. ಚಿರತೆ ಸುಳಿವಿದ್ದರೆ ನಾಯಿಯನ್ನು ರಾತ್ರಿ ಒಳಗೆ ಕಟ್ಟಿ. ಅದು ಬರುವುದೇ ನಾಯಿಗೆ.

ನಮ್ಮ ಹಿತ್ತಲ ಮೋರಿಯಲ್ಲಿ ಈಗೊಂದು ಉಡ ಸೇರಿಕೊಂಡಿದೆ. ಸೀಳು ನಾಲಗೆ ಚಾಚುತ್ತಾ ಬಿಸಿಲೇರಿದ ಮೇಲೆ ಕಲ್ಲಿನ ಮೇಲೆ ಬಂದು ಮಲಗುತ್ತದೆ. ವಿಷದ ಪ್ರಾಣಿ, ಹೊಡೆದುಬಿಡೋಣ ಅಂತ ಪಕ್ಕದ ಮನೆಯವರು ದೊಣ್ಣೆ ತಂದಿದ್ದರು. ಅದು ಕಡಿದು ಸತ್ತವರನ್ನು ನಾನು ಈ ಎಪ್ಪತ್ತು ವರ್ಷದಲ್ಲಿ ಕಂಡಿಲ್ಲ. ಹುಲಿಗೆ ಎಷ್ಟು ಕಾನೂನಿನ ರಕ್ಷಣೆ ಇದೆಯೋ ಇದಕ್ಕೂ ಅಷ್ಟೇ ಇದೆ, ಜೈಲಿಗೆ ಹೋಗ್ತೀಯಪ್ಪ ಅಂದೆ. ದೊಣ್ಣೆ ಒಳಗೆ ಹೋಯಿತು. ಕೋಳಿಮೊಟ್ಟೆಯನ್ನು ಮಾತ್ರ ನಾನು ಬೆಳಗ್ಗೆಯೇ ಎತ್ತಿಡುತ್ತೇನೆ. ಎರಡು ಸಲ ಮರೆತೆ. ಅದು ಎರಡು ಸಲವೂ ಮರೆಯಲಿಲ್ಲ.