ಲಗ್ನಪತ್ರಿಕೆಯ ರಟ್ಟಿನಲ್ಲಿ ಕಟ್ಟಿದ ರೈಲು

ಗದಗ-ಬೆಟಗೇರಿಯಲ್ಲಿ ಪ್ರೆಸ್ ನಡೆಸುವವರ ಬಳಿ ರಟ್ಟಿಗೆ ಬರವಿಲ್ಲ. ಲಗ್ನಪತ್ರಿಕೆ ಕತ್ತರಿಸಿ ಉಳಿದ ಪಟ್ಟಿ, ಜಾಸ್ತಿ ತರಿಸಿ ಮೂಲೆ ಸೇರಿದ ಆರ್ಟ್ ಕಾರ್ಡ್, ಕೆಲಸ ಮುಗಿದ ಆಫ್‌ಸೆಟ್ ಪ್ಲೇಟು (ಅಚ್ಚು ಹಾಕುವ ತೆಳು ಅಲ್ಯೂಮಿನಿಯಂ ತಗಡು), ಎಲ್ಲ ಕೊನೆಗೆ ಗುಜರಿಗೆ ಹೋಗುವ ಮಾಲು. ನನ್ನ ಮಾಡೆಲ್ ರೈಲಿನ ಬಹುಪಾಲು ಈ ಮಾಲಿನಿಂದಲೇ ಆಗಿದೆ. ಹಳಿ, ಗಾಲಿ ಮತ್ತು ಎಂಜಿನ್ನಿನ ಕೆಳಭಾಗ ಇಷ್ಟನ್ನು ಮಾತ್ರ ದುಡ್ಡು ಕೊಟ್ಟು ತಂದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅಮೆರಿಕ, ಜರ್ಮನಿ, ಇಂಗ್ಲೆಂಡಿನ ರೈಲುಗಳು. ಚೆನ್ನಾಗಿಯೇ ಇರುತ್ತವೆ. ಆದರೆ ನನಗೆ ಬೇಕಿದ್ದದ್ದು ಹುಲಕೋಟಿ, ಅಣ್ಣಿಗೇರಿ ಕಡೆ ಓಡುವ ನೀಲಿ ಡಬ್ಬಿ.

ನಾನು ಆರಿಸಿದ್ದು ಎಚ್‌ಒ ಅಳತೆ. ನಿಜವಾದ ರೈಲಿನ 87ನೇ ಒಂದು ಪಾಲು. ಕೇಳಲು ಚಿಕ್ಕದು, ಮನೆಗೆ ತಂದರೆ ದೊಡ್ಡದು. ಹುಬ್ಬಳ್ಳಿ ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಅದನ್ನು ಈ ಅಳತೆಯಲ್ಲಿ ಮಾಡಿದರೂ 17 ಮೀಟರ್ ದಾಟುತ್ತದೆ. ಅಷ್ಟು ಉದ್ದದ ಮನೆ ಯಾರದಿದೆ? ಹೀಗಾಗಿ ಜಂಕ್ಷನ್ ಆಸೆ ಬಿಟ್ಟು ಒಂದು ಸಣ್ಣ ನಿಲ್ದಾಣ ಹಿಡಿದೆ. ಒಂದು ಮೇನ್ ಲೈನ್, ಗಾಡಿ ಪಕ್ಕಕ್ಕೆ ನಿಲ್ಲಲು ಒಂದು ಲೂಪ್ ಹಳಿ, ಒಂದು ಗೂಡ್ಸ್ ಶೆಡ್. ಹೆಸರು ಎರೆಹಳ್ಳಿ ರೋಡ್. ನಕ್ಷೆಯಲ್ಲಿ ಹುಡುಕಬೇಡಿ, ನಾನೇ ಇಟ್ಟ ಹೆಸರು.

ಜಾಗ ಎಂದರೆ ಕಾಗದದ ಗೋದಾಮಿನ ಗೋಡೆಗೆ ಹೊಡೆದ ಶೆಲ್ಫ್. ಒಂದು ಗೋಡೆಗೆ 12 ಅಡಿ, ಪಕ್ಕದ ಗೋಡೆಗೆ 8 ಅಡಿ. ಉದ್ದನೆಯ ಕಡೆ ನಿಲ್ದಾಣ, ಗಿಡ್ಡ ಕಡೆ ಪರದೆ ಹಿಂದೆ ಗಾಡಿಗಳು ಕಾಯುವ ಜಾಗ. ಮೂಲೆಯಲ್ಲಿ ತಿರುವು ಎಷ್ಟಿರಬೇಕು ಎಂಬುದೇ ದೊಡ್ಡ ಲೆಕ್ಕ. ಪೆಟ್ಟಿಗೆಯಲ್ಲಿ ಬರುವ ಸೆಟ್ಟುಗಳ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 18 ಇಂಚು. ನಮ್ಮ ನೀಲಿ ಐಸಿಎಫ್ ಡಬ್ಬಿ (ಚೆನ್ನೈ ಕಾರ್ಖಾನೆಯ ವಿನ್ಯಾಸ) ಈ ತುದಿಯ ಬಫರ್‌ನಿಂದ ಆ ತುದಿಯ ಬಫರ್‌ಗೆ 22.3 ಮೀಟರ್, ಅಂದರೆ ಮಾಡೆಲ್‌ನಲ್ಲಿ ಸುಮಾರು 25.6 ಸೆಂಟಿಮೀಟರ್. ಅಷ್ಟು ಉದ್ದದ ಡಬ್ಬಿ 18 ಇಂಚಿನ ತಿರುವಿನಲ್ಲಿ ಹೊಟ್ಟೆಯನ್ನು ಒಳಗೆ, ಮೂತಿಯನ್ನು ಹೊರಗೆ ಚಾಚುತ್ತದೆ. ನೋಡಲು ಚೆಂದವಲ್ಲ, ಪಕ್ಕದ ಗಾಡಿಗೂ ತಾಗುತ್ತದೆ. 24 ಇಂಚು ಇಟ್ಟೆ. ಜಾಗ ಇದ್ದವರು 30 ಇಡಿ.

ಹಳಿಯ ಅಗಲದ ತಕರಾರು ಬೇರೆ. ಎಚ್‌ಒ ಹಳಿಯ ಅಂತರ 16.5 ಮಿಲಿಮೀಟರ್. ಅದು ಹೊರದೇಶಗಳ 1435 ಮಿಲಿಮೀಟರ್ ಸ್ಟ್ಯಾಂಡರ್ಡ್ ಗೇಜ್‌ಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676. ಲೆಕ್ಕದಂತೆ 19.3 ಬೇಕು. ಬಾಜೂಮನೆಯ ಕಾಕಾ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೀಮ್ಯಾನ್ ಆಗಿ ನಿವೃತ್ತರಾದವರು. ಪಟ್ಟಿ ಹಿಡಿದು ಅಳೆಯಲೇ ಇಲ್ಲ. ಬಂದು ನಿಂತು ನೋಡಿದವರೇ, "ತಮ್ಮಾ, ಇದು ಬ್ರಾಡ್‌ಗೇಜೂ ಅಲ್ಲ, ಮೀಟರ್‌ಗೇಜೂ ಅಲ್ಲ. ನಡುವ ಯಾವುದೋ ಆತಲ್ಲೋ" ಎಂದರು. ಸರಿಯಾಗಿಯೇ ಹಿಡಿದರು. ಕೈಯಿಂದ 19.3ರ ಹಳಿ ಹಾಕುವ ಹಠಮಾರಿಗಳೂ ಇದ್ದಾರೆ. ಆಗ ಪ್ರತಿ ಗಾಲಿಯ ಅಚ್ಚನ್ನೂ ಅಗಲ ಮಾಡಬೇಕು, ಗಾಡಿ ಹಳಿ ಬದಲಿಸುವ ಪಾಯಿಂಟುಗಳನ್ನೂ ಕೈಯಲ್ಲೇ ಕಟ್ಟಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ. ಶೆಲ್ಫನ್ನು ಕಣ್ಣಿನ ಮಟ್ಟಕ್ಕೆ ಏರಿಸಿದೆ. ಮೇಲಿನಿಂದ ನೋಡಿದರೆ ತಾನೇ ಹಳಿ ಕಿರಿದು ಅನ್ನಿಸುವುದು? ಪಕ್ಕದಿಂದ ಡಬ್ಬಿಯ ಗೋಡೆ ಮಾತ್ರ ಕಾಣುತ್ತದೆ.

ಈಗ ಡಬ್ಬಿಯ ಮಾತು. ಇಲ್ಲಿ ಪ್ರೆಸ್ಸಿನವನಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಮೊದಲನೆಯದು ರಟ್ಟಿನ ಗ್ರೇನ್. ಕಾಗದದ ನಾರು ಒಂದೇ ದಿಕ್ಕಿಗೆ ಮಲಗಿರುತ್ತದೆ. ತೇವ ಕುಡಿದಾಗ ಅದು ನಾರಿನ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಆದ್ದರಿಂದ ಡಬ್ಬಿಯ ಉದ್ದಕ್ಕೆ ಗ್ರೇನ್ ಬರುವಂತೆ ಕತ್ತರಿಸಬೇಕು. ಅಡ್ಡ ಕತ್ತರಿಸಿದರೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಡಬ್ಬಿ ಬಾಗುತ್ತದೆ. ಗ್ರೇನ್ ಯಾವ ಕಡೆಗಿದೆ ಎಂದು ತಿಳಿಯದಿದ್ದರೆ ಒಂದು ಚೂರು ಮಡಚಿ ನೋಡಿ. ಸಲೀಸಾಗಿ ಮಡಚುವ ಗೆರೆ ಗ್ರೇನಿನ ಗೆರೆ. 300 ಜಿಎಸ್‌ಎಮ್ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾರ್ಡಿನ ಎರಡು ಪದರ ಅಂಟಿಸಿ ಗೋಡೆ ಮಾಡುತ್ತೇನೆ. ನೆಲಕ್ಕೆ ಬೈಂಡಿಂಗ್ ರಟ್ಟು. ಚಾವಣಿಗೆ ತೆಳ್ಳನೆಯ ಆಫ್‌ಸೆಟ್ ಪ್ಲೇಟನ್ನು ಪೈಪಿನ ಮೇಲೆ ಉರುಳಿಸಿದರೆ ಐಸಿಎಫ್ ಡಬ್ಬಿಯ ಬಾಗು ತಾನಾಗಿ ಬರುತ್ತದೆ.

ಎರಡನೆಯದು ಬಣ್ಣ. ಡಬ್ಬಿಯ ಗೋಡೆಯನ್ನು ಕಂಪ್ಯೂಟರಿನಲ್ಲಿ ಬರೆದು ಅಚ್ಚು ಹಾಕುವುದು ಹಲವರು ಮಾಡುವ ಕೆಲಸವೇ. ಆದರೆ ನಾಲ್ಕು ಬಣ್ಣದ ಅಚ್ಚಿನಲ್ಲಿ ತೆಳು ನೀಲಿ ಎಂದರೆ ನಿಜಕ್ಕೂ ಚುಕ್ಕೆಗಳ ಸಾಲು. ಇಂಚಿಗೆ 175 ಚುಕ್ಕೆ ಸಾಲು ಬರುವ 175 ಲೈನ್ ಸ್ಕ್ರೀನಿನಲ್ಲೂ ಚುಕ್ಕೆಯಿಂದ ಚುಕ್ಕೆಗೆ 0.145 ಮಿಲಿಮೀಟರ್. ಪತ್ರಿಕೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡೆಲ್ ಡಬ್ಬಿಯನ್ನು ಮಾತ್ರ ಜನ ಮೂಗು ತಾಗಿಸಿ ನೋಡುತ್ತಾರೆ. 87ರಿಂದ ಗುಣಿಸಿ ನೋಡಿ, ನಿಜ ಡಬ್ಬಿಯ ಮೇಲೆ ಒಂದೂಕಾಲು ಸೆಂಟಿಮೀಟರಿಗೊಂದು ಚುಕ್ಕೆ ಇಟ್ಟಂತಾಯಿತು. ಹಾಗಾಗಿ ನಾನು ಎರಡು ನೀಲಿಯನ್ನೂ ಶಾಯಿ ಕಲಸಿಯೇ ಮಾಡುತ್ತೇನೆ. ದಟ್ಟ ನೀಲಿ ಒಂದು, ನಡುವಿನ ಪಟ್ಟೆಯ ತೆಳು ನೀಲಿ ಒಂದು, ಎರಡೂ ಸಾಲಿಡ್, ಅಂದರೆ ಚುಕ್ಕೆ ಇಲ್ಲದ ತುಂಬು ಬಣ್ಣ. ಇದಕ್ಕಾಗಿ ಸುಮ್ನೆ ಮಷಿನ್ ತೊಳೆಯುವುದಿಲ್ಲ. ಯಾರದಾದರೂ ಬಿಲ್ ಬುಕ್ ನೀಲಿಯಲ್ಲಿ ಓಡುವ ದಿನ ಕಾಯುತ್ತೇನೆ. ಕೆಲಸ ಮುಗಿದ ಮೇಲೆ ಅದೇ ಶಾಯಿಗೆ ಬೇಕಾದ್ದು ಕಲಸಿ ನನ್ನ ನಾಲ್ಕಾರು ಶೀಟು ಓಡಿಸಿದರೆ ಆಯಿತು. ಶಾಯಿ ಚೆನ್ನಾಗಿ ಒಣಗಿದ ಮೇಲೆ ಮ್ಯಾಟ್ ಲ್ಯಾಮಿನೇಶನ್. ಗ್ಲಾಸಿ ಬೇಡ, ಆಟಿಕೆಯಂತೆ ಮಿಂಚುತ್ತದೆ. ಒಂದೇ ಬದಿಗೆ ಹಾಕಿದರೆ ಕಾರ್ಡು ಸುರುಳಿಯಾಗುತ್ತದೆ, ಆದ್ದರಿಂದ ಎರಡೂ ಬದಿಗೆ ಹಾಕಬೇಕು. ಅಂಟಿಸುವ ಜಾಗವನ್ನು ಮಾತ್ರ ಉಪ್ಪುಕಾಗದದಿಂದ ತಿಕ್ಕಿಕೊಳ್ಳಿ, ಇಲ್ಲದಿದ್ದರೆ ಫೆವಿಕಾಲ್ ಹಿಡಿಯದು. ಕಿಟಕಿಯ ಅಡ್ಡ ಸರಳುಗಳನ್ನು ಪಾರದರ್ಶಕ ಹಾಳೆಯ ಮೇಲೆ ಅಚ್ಚು ಹಾಕಿ ಒಳಗಿನಿಂದ ಅಂಟಿಸುತ್ತೇನೆ.

ರಟ್ಟಿನ ಡಬ್ಬಿ ಹಗುರ. ಹಗುರವಾದದ್ದು ಪಾಯಿಂಟಿನ ಮೇಲೆ ನೆಗೆದು ಹಳಿ ಬಿಡುತ್ತದೆ. ಅಮೆರಿಕದ ಮಾಡೆಲ್ ರೈಲಿನವರ ಎನ್‌ಎಂಆರ್‌ಎ ಸಂಘ ತೂಕಕ್ಕೆ ಒಂದು ಲೆಕ್ಕ ಕೊಟ್ಟಿದೆ. ಎಚ್‌ಒ ಗಾಡಿಗೆ ಮೂಲ ತೂಕ ಒಂದು ಔನ್ಸ್, ಅದರ ಮೇಲೆ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಡಬ್ಬಿಗೆ ಸುಮಾರು 170 ಗ್ರಾಂ ಆಗುತ್ತದೆ. ಹೆಚ್ಚಿನವರು ನಟ್ಟು, ವಾಷರ್ ಹಾಕುತ್ತಾರೆ. ನನ್ನ ಬಳಿ ಅಪ್ಪನ ಕಾಲದ ಟ್ರೆಡಲ್ ಅಚ್ಚಿನ ಮಷಿನ್ ಜೊತೆ ಬಂದ ಸೀಸದ ಅಚ್ಚುಮೊಳೆಗಳ ಕೇಸ್ ಇದೆ. ಅಕ್ಷರದ ಮೊಳೆ ಹಾಕಲು ಮನಸ್ಸು ಬರಲಿಲ್ಲ. ಪದಗಳ ನಡುವಿನ ಖಾಲಿ ಜಾಗಕ್ಕೆ ಹಾಕುವ ಕ್ವಾಡುಗಳೇ ಬೇಕಾದಷ್ಟಿದ್ದವು. ಅವನ್ನು ನೆಲದ ಉದ್ದಕ್ಕೂ ಸಮವಾಗಿ ಜೋಡಿಸಿ ಮೇಲೆ ರಟ್ಟು ಮುಚ್ಚಿದೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಮಕ್ಕಳ ಕೈಗೂ ಸಿಗಬಾರದು.

ನಮ್ಮ ಮಾರ್ಗದ ಶೋಭೆ ಎಂದರೆ ಪ್ಯಾಸೆಂಜರ್ ಗಾಡಿಗಿಂತ ಗೂಡ್ಸ್. ಹೊಸಪೇಟೆ ಕಡೆಯ ಅದಿರು ಗೋವೆಗೆ, ಮಾರ್ಮುಗೋವಾ ಬಂದರಿನ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಎರಡೂ ಗದಗಿನ ಮೇಲೆ ಹಾದುಹೋದದ್ದನ್ನು ನೋಡುತ್ತಲೇ ಬೆಳೆದಿದ್ದೇವೆ. ಮೇಲೆ ತೆರೆದಿರುವ ಒಂದು ಬಾಕ್ಸ್‌ಎನ್ ವ್ಯಾಗನ್ 10.7 ಮೀಟರ್. 58-59 ವ್ಯಾಗನ್ನಿನ ಪೂರ್ತಿ ಸಾಲು (ರೇಕ್) ಮಾಡಿದರೆ ಮಾಡೆಲ್‌ನಲ್ಲೇ 7 ಮೀಟರ್ ದಾಟುತ್ತದೆ. ಎಂಟರಲ್ಲಿ ತೃಪ್ತಿ ಪಟ್ಟಿದ್ದೇನೆ. ವ್ಯಾಗನ್ನಿನ ಗೋಡೆ ಆಫ್‌ಸೆಟ್ ಪ್ಲೇಟಿನದು, ಹೊರಗಿನ ನಿಲುವು ಪಟ್ಟಿಗಳು ಕಾರ್ಡಿನವು. ಕಲ್ಲಿದ್ದಲಿಗೆ ಇದ್ದಿಲು ಕುಟ್ಟಿ ಜರಡಿ ಹಿಡಿದೆ, ಅದಿರಿಗೆ ಕೆಮ್ಮಣ್ಣು. ಇವನ್ನು ವ್ಯಾಗನ್ನಿಗೇ ಅಂಟಿಸಬೇಡಿ. ಅಂಟಿಸಿದರೆ ತೋರಣಗಲ್ಲಿಗೆ ಹೋದ ಕಲ್ಲಿದ್ದಲೇ ಗೋವೆಗೆ ವಾಪಸ್ ಹೊರಡುತ್ತದೆ! ಒಳಗೆ ಸಲೀಸಾಗಿ ಕೂರುವ ರಟ್ಟಿನ ತುಂಡಿನ ಮೇಲೆ ಅಂಟಿಸಿ. ಇದ್ದಿಲಿನ ಕೆಳಗೆ ಒಂದು ಕಬ್ಬಿಣದ ವಾಷರ್ ಹುದುಗಿಸಿಟ್ಟರೆ, ಮೇಲಿನಿಂದ ಅಯಸ್ಕಾಂತ ತೋರಿಸಿದಾಗ ಇಡೀ ಲೋಡು ಎದ್ದು ಬರುತ್ತದೆ.

ಎಂಜಿನ್ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4, ಗೂಡ್ಸ್ ಎಳೆಯುವ ಡೀಸೆಲ್. ಅದರ ಮೂಲ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸ. ಆದ್ದರಿಂದ ಅದೇ ಕಂಪನಿಯ ಆರು ಅಚ್ಚಿನ ಡೀಸೆಲ್ ಮಾಡೆಲ್‌ನ ಕೆಳಭಾಗ ಮಟ್ಟಸವಾಗಿ ಹೊಂದಿತು. ಮೇಲಿನ ದೇಹ ನನ್ನದು. ಈಗ ಈ ಮಾರ್ಗದಲ್ಲಿ ಕರೆಂಟ್ ತಂತಿ ಬಂದಿದೆ. ಕಂಬ, ತಂತಿ ಎಳೆಯುವ ಉಸಾಬರಿ ಬೇಡವೆಂದು ನನ್ನ ನಿಲ್ದಾಣವನ್ನು 2008ರ ಸುಮಾರಿಗೆ ನಿಲ್ಲಿಸಿಬಿಟ್ಟಿದ್ದೇನೆ.

ಗೂಡ್ಸ್ ಶೆಡ್ಡಿನ ಪತ್ರಾಸ್ (ಅಲೆಅಲೆಯ ತಗಡು) ಮಾಡುವುದು ನನಗೆ ಬಹಳ ಇಷ್ಟದ ಕೆಲಸ. ಊಟದ ಪಾರ್ಸೆಲ್ ಬರುವ ಅಲ್ಯೂಮಿನಿಯಂ ಡಬ್ಬಿಯನ್ನು ಚಪ್ಪಟೆ ಮಾಡಿ, ಅಚ್ಚಿನ ಮಷಿನ್ನಿನ ಹಳೆ ರಬ್ಬರ್ ಹಾಳೆಯ (ಬ್ಲ್ಯಾಂಕೆಟ್) ಮೇಲೆ ಇಟ್ಟು, ಮೇಲೆ ಎಂ5 ಥ್ರೆಡ್ ರಾಡನ್ನು ಒತ್ತಿ ಉರುಳಿಸುತ್ತೇನೆ. ಆ ರಾಡಿನ ಎಳೆಗಳ ಅಂತರ 0.8 ಮಿಲಿಮೀಟರ್. ಮೂರು ಇಂಚಿನ ಅಲೆಯ ಪತ್ರಾಸಿಗೆ ಬೇಕಾದದ್ದು 0.87. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ಎಳೆ ಸುರುಳಿಯಾಗಿ ಇರುವುದರಿಂದ ಗೆರೆ ಸ್ವಲ್ಪ ಓರೆಯಾಗಿ ಮೂಡುತ್ತದೆ. ರಾಡನ್ನೇ ಅಷ್ಟು ಓರೆ ಹಿಡಿದರೆ ನೆಟ್ಟಗಾಗುತ್ತದೆ.

ನಿಲ್ದಾಣದ ಹಳದಿ ಬೋರ್ಡು ಲಗ್ನಪತ್ರಿಕೆಯ ಶೀಟಿನ ಅಂಚಿನಲ್ಲೇ ಹುಟ್ಟಿತು. ಸೀಸನ್ನಿನಲ್ಲಿ ಹಳದಿ ಓಡದ ದಿನವಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರಬೇಕು, ಕೆಳಗೆ ಸಮುದ್ರ ಮಟ್ಟದಿಂದ ಎತ್ತರವೂ ಬೇಕು. ತುಂಬು ಹಳದಿಯ ಮೇಲೇ ಕಪ್ಪನ್ನು ಓವರ್‌ಪ್ರಿಂಟ್ ಮಾಡಿ. ಅಕ್ಷರದ ಜಾಗ ಬಿಟ್ಟು ಹಳದಿ ಹಾಕಿದರೆ ಎರಡು ಬಣ್ಣದ ಹೊಂದಿಕೆ (ರಿಜಿಸ್ಟರ್) ಕೂದಲೆಳೆ ಸರಿದರೂ ಬಿಳಿ ಅಂಚು ಕಾಣುತ್ತದೆ. 'ಹಳ್ಳಿ'ಯ ಒತ್ತಕ್ಷರ ಇಷ್ಟು ಸಣ್ಣದರಲ್ಲಿ ಶಾಯಿ ತುಂಬಿ ಮುಚ್ಚಿಹೋಗುತ್ತದೆ. ತೆಳು ಫಾಂಟ್ ತೆಗೆದುಕೊಂಡರೆ ಅಚ್ಚಾದಾಗ ಅದೇ ಸರಿಯಾದ ದಪ್ಪಕ್ಕೆ ಬರುತ್ತದೆ.

ನೆಲ ಎರೆಮಣ್ಣಿನದು, ಹೊಲದಿಂದಲೇ ತಂದದ್ದು. ಹುಳ ಇರಬಾರದೆಂದು ಹಂಚಿನ ಮೇಲೆ ಹುರಿದು ಜರಡಿ ಹಿಡಿದೆ. ಎರೆ ದಪ್ಪ ಹಾಕಿದರೆ ಒಣಗುವಾಗ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಬಿರುಕು ಸಹಜ, ಆದರೆ ಇಲ್ಲಿ ಎರಡು ಮಿಲಿಮೀಟರ್ ಬಿರುಕೆಂದರೆ ಎತ್ತಿನ ಕಾಲು ಸಿಕ್ಕಿಬೀಳುವಷ್ಟು ಅಗಲ. ಬಣ್ಣ ಬಳಿದ ಬುಡದ ಮೇಲೆ ತೆಳ್ಳಗೆ ಉದುರಿಸಿದರೆ ಸಾಕು. ಹಿಂಗಾರಿ ಜೋಳಕ್ಕೆ ಬೈಂಡಿಂಗಿನ ಸೆಣಬಿನ ದಾರ. ಜಾಲಿ ಗಿಡಕ್ಕೆ ಒಣ ತುಳಸಿ ಕಡ್ಡಿ ಚೆನ್ನಾಗಿ ಹೊಂದುತ್ತಿತ್ತು. "ತುಳಸಿಗೆ ಫೆವಿಕಾಲ್ ಹಚ್ಚತಿ ಏನ? ಬ್ಯಾರೆ ಕಡ್ಡಿ ಸಿಗಲಿಲ್ಲ ನಿನಗ?" ಎಂದು ಅವ್ವ ತಡೆದಳು. ಬೇಲಿಯ ಗೋರಂಟಿ ಟೊಂಗೆ ಅದಕ್ಕಿಂತ ಚೆನ್ನಾಗಿ ಬಂತು.

ಜಲ್ಲಿಗೆ ಕ್ರಷರ್ ಪುಡಿ. ನಿಜ ಹಳಿಯ ಜಲ್ಲಿ 65 ಮಿಲಿಮೀಟರ್ ತನಕ ಇರುತ್ತದೆ, ಅಂದರೆ ನಮಗೆ 0.75ರೊಳಗಿನ ಕಾಳು ಬೇಕು. ಚಹಾ ಸೋಸುವ ಜರಡಿ ಸಾಕು. ಹಾಕುವ ಮೊದಲು ಅಯಸ್ಕಾಂತ ಆಡಿಸಿ ಕಬ್ಬಿಣದ ಅಂಶ ತೆಗೆಯಿರಿ, ಇಲ್ಲವಾದರೆ ಎಂಜಿನ್ನಿನ ಮೋಟಾರು ಎಳೆದುಕೊಳ್ಳುತ್ತದೆ. ಮೊದಲು ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರು ಸಿಂಪಡಿಸಿ, ಆಮೇಲೆ ನೀರಾಗಿಸಿದ ಫೆವಿಕಾಲನ್ನು ಸಿರಿಂಜಿನಿಂದ ಹನಿಸಬೇಕು.

ಹಳಿ ಜೋಡಿಸುವಾಗ ಕೀಲಿನಲ್ಲಿ ಎಷ್ಟು ಸಂದು ಬಿಡಬೇಕೆಂದು ಹಲವರು ಕೇಳುತ್ತಾರೆ. ಮೂರು ಅಡಿಯ ಹಳಿ 20 ಡಿಗ್ರಿ ಏರಿದರೆ ಸುಮಾರು 0.3 ಮಿಲಿಮೀಟರ್ ಹಿಗ್ಗುತ್ತದೆ. ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಅಷ್ಟೇ. ಡಿಸೆಂಬರಿನಲ್ಲಿ ಹಾಕುವುದಾದರೆ ಕೀಲಿಗೊಂದು ಕಾರ್ಡು ಸಿಕ್ಕಿಸಿ ಜೋಡಿಸಿ, ಆಮೇಲೆ ಎಳೆದುಬಿಡಿ. ಮೇ ತಿಂಗಳಾದರೆ ಬಿಗಿಯಾಗಿ ಕೂರಿಸಿದರೂ ನಡೆಯುತ್ತದೆ. ಕೀಲನ್ನು ನಂಬಿ ಕರೆಂಟ್ ಬಿಡಬೇಡಿ, ಪ್ರತಿ ತುಂಡಿಗೂ ತಂತಿ ಬೆಸೆಯಿರಿ. ನನ್ನದು ಸಾದಾ 12 ವೋಲ್ಟ್ ಡಿಸಿ. ವೋಲ್ಟ್ ಏರಿಸಿದರೆ ವೇಗ, ತಂತಿ ಅದಲುಬದಲು ಮಾಡಿದರೆ ಹಿಮ್ಮುಖ. ಒಂದೇ ಹಳಿಯ ಮೇಲೆ ಹಲವು ಎಂಜಿನ್ ಬೇರೆಬೇರೆಯಾಗಿ ಓಡಿಸುವ ಆಸೆ ಇದ್ದವರಿಗೆ ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆ ಇದೆ. ಒಂದೇ ಎಂಜಿನ್ ಓಡುವ ನಿಲ್ದಾಣಕ್ಕೆ ಅದು ಸುಮ್ನೆ ಖರ್ಚು ಎಂಬುದು ನನ್ನ ಅಭಿಪ್ರಾಯ.

ಸಿಗ್ನಲ್ ಹಾಕಿಸಿದ್ದು ಕಾಕಾ. "ಸಿಗ್ನಲ್ ಇಲ್ದ ಗಾಡಿ ಹೆಂಗ ಒಳಗ ತಗೋತಿ?" ಎಂದು ಬೆನ್ನು ಹತ್ತಿದರು. ಗಾಡಿ ಒಳಗೆ ಬರಲು ಹೋಮ್, ಹೊರಡಲು ಸ್ಟಾರ್ಟರ್ ಆಯಿತು. ದೀಪಕ್ಕೆ 2 ಮಿಲಿಮೀಟರ್ ಎಲ್‌ಇಡಿ, ಪ್ರತಿಯೊಂದಕ್ಕೂ ಒಂದು ಕಿಲೋ ಓಮ್ ರೆಸಿಸ್ಟರ್. ಮುಂದಿನ ಸಿಗ್ನಲ್ ಹೇಗಿದೆ ಎಂದು ಮೊದಲೇ ತಿಳಿಸುವ ಡಿಸ್ಟಂಟ್ ಸಿಗ್ನಲ್ ಹೋಮ್‌ನಿಂದ ಒಂದು ಕಿಲೋಮೀಟರ್ ಹಿಂದೆ ಇರಬೇಕು. ನಮ್ಮ ಅಳತೆಯಲ್ಲಿ ಹನ್ನೊಂದೂವರೆ ಮೀಟರ್. "ಹಂಗಾರ ಅದು ನಮ್ಮ ಪಡಸಾಲ್ಯಾಗ ಬರ್ತೈತಿ, ಹಾಕು" ಎಂದರು. ಹಾಕಿಲ್ಲ.

ಇನ್ನು ಧೂಳು. ಗದಗಿನ ಗಾಳಿ ಗೊತ್ತಲ್ಲ, ಕಪ್ಪತಗುಡ್ಡದ ಸುತ್ತ ಸುಮ್ನೆ ಗಾಳಿಯಂತ್ರ ನೆಟ್ಟಿಲ್ಲ. ಹಳಿ ಮಾಸಿದರೆ ಎಂಜಿನ್ ತಡವರಿಸುತ್ತದೆ. ಪ್ಲಾಸ್ಟಿಕ್ ಗಾಲಿ ಕೊಳೆಯನ್ನು ಹಳಿಯ ತುಂಬ ಹರಡುತ್ತದೆ, ಆದ್ದರಿಂದ ಎಲ್ಲಕ್ಕೂ ಲೋಹದ ಗಾಲಿ ಹಾಕಿದ್ದೇನೆ. ಒರೆಸಲು ಅಚ್ಚಿನ ಮಷಿನ್ನಿನ ನೀರಿಗೆ ಬೆರೆಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಇದ್ದೇ ಇದೆ. ರಬ್ಬರ್ ಹಾಳೆ ತೊಳೆಯುವ ಬ್ಲ್ಯಾಂಕೆಟ್ ವಾಶ್ ಮಾತ್ರ ಬೇಡ, ಅದು ಎಣ್ಣೆ ಪದರ ಬಿಡುತ್ತದೆ. ಉಪ್ಪುಕಾಗದವೂ ಬೇಡ, ಗೀರು ಬಿದ್ದ ಹಳಿ ಬೇಗ ಮಾಸುತ್ತದೆ. ಎಂಜಿನ್ನಿನ ಗಾಲಿಗೆ ಹೀಗೆ ಮಾಡಿ: ಐಪಿಎಯಲ್ಲಿ ಒದ್ದೆ ಮಾಡಿದ ಟಿಶ್ಯೂ ಕಾಗದವನ್ನು ಹಳಿಯ ಮೇಲೆ ಹಾಸಿ, ಎಂಜಿನ್ನಿನ ಒಂದು ತುದಿಯ ಗಾಲಿಗಳು ಅದರ ಮೇಲೆ, ಇನ್ನೊಂದು ತುದಿಯವು ಬರಿ ಹಳಿಯ ಮೇಲೆ ಇರುವಂತೆ ಹಿಡಿದು ಕರೆಂಟ್ ಬಿಡಿ. ಗಾಲಿ ನಿಂತಲ್ಲೇ ತಿರುಗಿ ಕಪ್ಪು ಗೆರೆ ಬಿಡುತ್ತದೆ. ಗೆರೆ ಮೂಡುವುದು ನಿಂತ ಮೇಲೆ ಎಂಜಿನ್ ತಿರುಗಿಸಿ ಇನ್ನೊಂದು ತುದಿಗೂ ಹಾಗೇ ಮಾಡಿ.